ಅರ್ಧವಿರಾಮದ ಮೇಲಿನ ಚುಕ್ಕೆ

12 ಜನವರಿ 1976, ಸೋಮವಾರ

ಬೆಳಿಗ್ಗೆ ರಿಬ್ಬನ್ ಬದಲಿಸಿದೆ. ಬೆರಳೆಲ್ಲ ಕಪ್ಪು. ಎರಡು ಅಫಿಡವಿಟ್, ಒಂದು ವಕಾಲತ್ತು, ಒಂದು ನೋಟಿಸು. ಮುಂದಿನ ತಿಂಗಳಿಗೆ ಕೊಟ್ರಬಸಪ್ಪ ವಕೀಲರ ಆಫೀಸಿಗೆ ಸೇರಿ ಹದಿನಾಲ್ಕು ವರ್ಷ. ಬಳ್ಳಾರಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ಈಗಲೂ ಸಾಹೇಬರು ಕರೆಯುವುದು "ಟೈಪಿಸ್ಟ್" ಎಂದೇ. ಚನ್ನವೀರಮ್ಮ ಎನ್ನುವ ಹೆಸರು ಸಂಬಳದ ದಿನ ಮಾತ್ರ.

ಸಂಜೆ ಇನ್‌ಸ್ಟಿಟ್ಯೂಟ್. ಟೈಪಿಂಗ್ ಪಾಠಕ್ಕೆ ಹೊಸ ಬ್ಯಾಚು. ಮೊದಲ ಪಾಠ — ಎಡಗೈಗೆ ಎ ಎಸ್ ಡಿ ಎಫ್, ಬಲಗೈಗೆ ಸೆಮಿಕೋಲನ್ ಎಲ್ ಕೆ ಜೆ. ಬಲಗೈ ಕಿರುಬೆರಳು ಸೆಮಿಕೋಲನ್ ಬಿಟ್ಟು ಕದಲಬಾರದು. ಜಡೆಮ್ಮ ಎನ್ನುವ ಹುಡುಗಿ ಕೈ ಎತ್ತಿದಳು.

"ಮಿಸ್, ಇದನ್ನ ಪೇಜುಗಟ್ಲೆ ಹೊಡಿಸ್ತೀರಿ. ಇದು ಯಾತಕ್ಕ ಬರ್ತೈತ್ರಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ — ಕನ್ನಡದಲ್ಲಿ ಅರ್ಧವಿರಾಮ ಅಂತಾರೆ. ಕಾಮಾ ಅಂದರೆ ಒಂದು ಕ್ಷಣ ನಿಂತು ಮುಂದೆ ಹೋಗುವುದು. ಪೂರ್ಣವಿರಾಮ ಅಂದರೆ ಮಾತು ಮುಗಿಯಿತು. ಇದು ನಡುವಿನದು. ಎರಡು ಮಾತು, ಎರಡೂ ತಮ್ಮ ಕಾಲ ಮೇಲೆ ನಿಲ್ಲುವಂಥವು, ಆದರೂ ಒಂದೇ ವಾಕ್ಯದಲ್ಲಿ ಇರಬೇಕು — ಆಗ ಇದು. ಇನ್ನೊಂದು ಉಪಯೋಗ, ದೊಡ್ಡ ಪಟ್ಟಿಯಲ್ಲಿ. "ಕುರುಗೋಡಿನ ಎರ್ರಣ್ಣ, ರೈತ, ಸಿರುಗುಪ್ಪದ ವಿರೂಪಮ್ಮ, ಶಿಕ್ಷಕಿ." ಬರೀ ಕಾಮಾ ಹಾಕಿದರೆ ಯಾರು ರೈತ, ಯಾರು ಶಿಕ್ಷಕಿ, ಎಷ್ಟು ಜನ, ಗೊತ್ತಾಗುವುದಿಲ್ಲ.

"ಅಂದ್ರ ಒಂದ ಮನ್ಯಾಗ ಎರಡು ಸಂಸಾರ ಇದ್ದಂಗ್ರಿ," ಎಂದಳು ಜಡೆಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹುಡುಗಿ ಜಾಣೆ. ಸೀನಿಯರ್ ಪರೀಕ್ಷೆ ಪಾಸಾಗುತ್ತಾಳೆ.

21 ಜನವರಿ, ಬುಧವಾರ

ಏನು ಬರೆಯಲಿ. ಬರೆಯಲೇಬೇಕು.

ಮಧ್ಯಾಹ್ನ ಒಂದೂವರೆ. ಸಾಹೇಬರು ಕೋರ್ಟಿನಲ್ಲಿ. ಹೊನ್ನೂರಮ್ಮ ಬಂದಳು. ಬಾದನಹಟ್ಟಿ ಹಾಲಸಿದ್ದಪ್ಪನವರ ಹಿರಿಸೊಸೆ. ಗಂಡ ಅರವತ್ತೊಂಬತ್ತರಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಮಾವನ ಜೊತೆಯೇ ಉಳಿದಳು. ಎಪ್ಪತ್ತೊಂದರಲ್ಲಿ ಮುದುಕ ಇಲ್ಲಿಗೇ ಬಂದು ವಿಲ್ ಬರೆಸಿದ. ಎಪ್ಪತ್ತಮೂರರಲ್ಲಿ ತಾನೇ ಮುಂದೆ ನಿಂತು ಸೊಸೆಗೆ ಉಡಿಕೆ ಮಾಡಿಸಿದ — ಸಿರುಗುಪ್ಪದ ಅಕ್ಕಿ ಮಿಲ್ಲಿನ ಫಿಟ್ಟರ್ ಎರ್ರಿಸ್ವಾಮಿಗೆ. ಸೊಸೆಗೆ ಮರುಮದುವೆ ಮಾಡಿಸಿ ಮನೆಯಲ್ಲೇ ಇಟ್ಟುಕೊಂಡ ಮಾವ. ಊರು ಆಡಿಕೊಂಡಿತು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದವನ ಹೇಲು ಉಚ್ಚೆ ಬಳಿದವಳು ಇವಳೇ. ಹೋದ ದೀಪಾವಳಿಗೆ ಮುದುಕ ಹೋದ.

"ಅಕ್ಕಾರ, ಇದನ್ನ ಒಂದೀಟು ಓದಿ ಹೇಳ್ರಿ. ಮೈದುನ ಮನಿ ಬಿಡು ಅನ್ನಾಕತ್ಯಾನ. ನಮ್ಮ ಮಾವ ಮನಿ ನಿನಗ ಬರದೀನಿ ಅಂದಿದ್ದ."

ವಿಲ್ ತೆಗೆದುಕೊಂಡೆ. ನಾನೇ ಟೈಪ್ ಮಾಡಿದ್ದು. ಓದಿದೆ.

"ಬಾದನಹಟ್ಟಿಯ ನನ್ನ ವಾಸದ ಮನೆ ಸೊಸೆ ಹೊನ್ನೂರಮ್ಮಳಿಗೆ ಸೇರತಕ್ಕದ್ದು, ದೇಶನೂರಿನ ಎರಡು ಎಕರೆ ಗದ್ದೆಯ ಫಸಲು ಸದರಿಯವಳಿಗೆ ಸೇರತಕ್ಕದ್ದು, ಆಕೆ ಮರುಮದುವೆಯಾಗದೆ ಇರುವವರೆಗೆ ಮಾತ್ರ."

ಮತ್ತೆ ಓದಿದೆ. ಮೊದಲ "ಸೇರತಕ್ಕದ್ದು" ಆದ ಮೇಲೆ ಅರ್ಧವಿರಾಮ ಇರಬೇಕು. ಇತ್ತು, ಡ್ರಾಫ್ಟಿನಲ್ಲಿ. ಮನೆಯ ಮಾತು ಅಲ್ಲಿಗೆ ನಿಲ್ಲಬೇಕು. ಷರತ್ತು ಗದ್ದೆಗೆ ಮಾತ್ರ. ಮುದುಕ ಹೇಳಿದ್ದು ಈಗಲೂ ಕಿವಿಯಲ್ಲಿದೆ — "ಮನಿ ಆಕಿದ. ಯಾರನ್ನ ಮದುವಿ ಆದ್ರೂ ಆಕಿದ. ಗದ್ದಿ ಮಾತ್ರ, ಇನ್ನೊಬ್ಬ ಉಣ್ಣಾಕ ಹಾಕಾವ ಬರೂತನ." ಸಾಹೇಬರಿಗೆ ದಸ್ತಾವೇಜಿನಲ್ಲಿ ಪೂರ್ಣವಿರಾಮ ಆಗದು. ಒಂದೇ ವಾಕ್ಯವಾಗಿರಬೇಕು, ನಡುವೆ ಯಾರೂ ಏನೂ ತೂರಿಸಬಾರದು ಎನ್ನುತ್ತಾರೆ. ಅದಕ್ಕೇ ಅರ್ಧವಿರಾಮ ಹಾಕಿಸಿದ್ದು.

ಈಗ ಕಾಗದದಲ್ಲಿ ಇರುವುದು ಕಾಮಾ. ಕಾಮಾ ಆದರೆ ಷರತ್ತು ಮನೆಗೂ ಬರುತ್ತದೆ. ಅವಳು ಮರುಮದುವೆಯಾಗಿದ್ದಾಳೆ.

ಹೇಗಾಯಿತು ಎಂದು ಗೊತ್ತು. ಆ ವರ್ಷ ಜುಲೈ, ಆಗಸ್ಟ್ ಕನ್ನಡ ಮೆಷಿನ್ನಿನ ಅರ್ಧವಿರಾಮದ ಅಚ್ಚು ಒಡೆದಿತ್ತು. ಕೆಳಗಿನ ಬಾಲ ಬೀಳುತ್ತಿತ್ತು, ಮೇಲಿನ ಚುಕ್ಕೆ ಬೀಳುತ್ತಿರಲಿಲ್ಲ. ಟೈಪ್ ಮಾಡಿ, ಹಾಳೆ ತೆಗೆದು, ಚುಕ್ಕೆಗಳನ್ನು ಪೆನ್ನಿನಲ್ಲಿ ಇಡುತ್ತಿದ್ದೆ. ರಿಪೇರಿಯವನು ಬರುವವರೆಗೆ ಎರಡು ತಿಂಗಳು ಹೀಗೇ. ಒಂದನ್ನೂ ಬಿಟ್ಟಿಲ್ಲ ಎಂದುಕೊಂಡಿದ್ದೆ.

ಅವತ್ತು ಬಿಟ್ಟೆ. ಅವತ್ತು ನನ್ನನ್ನು ನೋಡಲು ಗಂಡಿನ ಕಡೆಯವರು ಕುರುಗೋಡಿಗೆ, ಅಣ್ಣನ ಮನೆಗೆ, ಬರುವವರಿದ್ದರು. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಅವರು ಬಂದರು, ಉಪ್ಪಿಟ್ಟು ತಿಂದರು, ಹೋದರು. ಮತ್ತೆ ಸುದ್ದಿ ಇಲ್ಲ.

"ಏನ್ ಬರದಾರ್ರಿ?" ಎಂದಳು.

"ಮನಿ ನಿನಗ ಬರದಾರವ್ವ," ಎಂದೆ.

"ಎಲ್ಲಾ ಸರಿ ಐತಿಲ್ರಿ?"

"ಸರಿ ಐತಿ."

ಕೈ ಮುಗಿದು ಹೋದಳು.

22 ಜನವರಿ

ಯಾಕೆ ಸುಳ್ಳು ಹೇಳಿದೆ. ಸುಳ್ಳಲ್ಲ, ಬರೆಸಿದವನ ಮನಸ್ಸಿನಲ್ಲಿ ಇದ್ದದ್ದು ಅದೇ... ಹೀಗೇ ಹೇಳಿಕೊಳ್ಳುತ್ತಿದ್ದೇನೆ, ಬೆಳಿಗ್ಗೆಯಿಂದ.

2 ಫೆಬ್ರವರಿ, ಸೋಮವಾರ

ಹೊನ್ನೂರಮ್ಮನ ಮೈದುನ ಕಾಡಸಿದ್ದಪ್ಪ ಆಫೀಸಿಗೆ ಬಂದ. ಕುರುಗೋಡಿನ ರಿಜಿಸ್ಟರ್ ಕಚೇರಿಯಿಂದ ವಿಲ್ಲಿನ ನಕಲು ತಂದಿದ್ದ. ಅಲ್ಲಿಯವರು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಿದ್ದಾರೆ. ಕಾಮಾ.

ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಖುಷಿಯಾದಾಗ ಹಾಗೆ ಮಾಡುತ್ತಾರೆ.

"ಒಂದ ವಾಕ್ಯ ಐತಲ್ಲಪ್ಪ. ಷರತ್ತು ಕಡಿಗೆ ಐತಿ. ಅಂದ್ಮ್ಯಾಲೆ ಎರಡಕ್ಕೂ ಹತ್ತತೈತಿ. ಆಕಿ ಉಡಿಕಿ ಆಗ್ಯಾಳ. ಮನೀನೂ ಹೋತು, ಗದ್ದೀನೂ ಹೋತು."

ಕಾಡಸಿದ್ದಪ್ಪ ಹೋಗುವವರೆಗೆ ಕಾದೆ. ಆಮೇಲೆ ಎದ್ದು ಹೋಗಿ ನಿಂತೆ.

"ಸರ್, ಅಲ್ಲಿ ಅರ್ಧವಿರಾಮ ಇರಬೇಕಿತ್ರಿ. ಅಚ್ಚು ಒಡದಿತ್ತು. ಚುಕ್ಕಿ ಇಡಾಕ ನಾನ ಮರ್ತೀನಿ. ನೀವ ಡ್ರಾಫ್ಟ್ ಹಾಕಿದ್ರಿ, ಹಾಲಸಿದ್ದಪ್ಪ ಹೇಳಿದ್ದು ನೀವೂ ಕೇಳೀರಿ."

ಕನ್ನಡಕ ಮತ್ತೆ ಹಾಕಿಕೊಂಡರು.

"ಐದು ವರ್ಷದ ಹಿಂದಿನ ಮಾತು. ನನಗ ನೆನಪಿಲ್ಲ. ಇರಬೇಕಿತ್ತು ಅನ್ನೂದು ಬ್ಯಾರೆ, ಐತಿ ಅನ್ನೂದು ಬ್ಯಾರೆ."

"ಡ್ರಾಫ್ಟ್ ಹುಡುಕ್ಲೇನ್ರಿ?"

"ಹಳೀ ಡ್ರಾಫ್ಟ್ ಎಲ್ಲಾ ರದ್ದಿಗೆ ಹೋಗ್ಯಾವು. ಕುಂದರ್ರಿ. ನೋಟಿಸ್ ಬರ್ಕೋರ್ರಿ."

ಮನೆ ಖಾಲಿ ಮಾಡಬೇಕೆಂದು ಹೊನ್ನೂರಮ್ಮನಿಗೆ ನೋಟಿಸು. ಮೂರು ಪ್ರತಿ. ನಾನೇ ಟೈಪ್ ಮಾಡಿದೆ. ಒಂದೂ ತಪ್ಪು ಬರಲಿಲ್ಲ.

15 ಫೆಬ್ರವರಿ, ಭಾನುವಾರ, ಸಂಜೆ

ಬೆಳಿಗ್ಗೆ ಕುರುಗೋಡಿಗೆ ಅಣ್ಣನ ಮನೆಗೆ ಹೋಗುತ್ತೇನೆಂದು ಹೊರಟೆ. ಅಲ್ಲಿ ಇಳಿಯಲಿಲ್ಲ. ಬಾದನಹಟ್ಟಿಗೆ ಹೋದೆ.

ಮನೆ ನೋಡಿದ್ದು ಇದೇ ಮೊದಲು. ಮಣ್ಣಿನ ಮಾಳಿಗೆ, ಎರಡು ಅಂಕಣ, ಹಿತ್ತಲಲ್ಲಿ ಒಂದು ಕರಿಬೇವು. ಪಡಸಾಲೆಯಲ್ಲಿ ಮುದುಕನ ಮಂಚ ಹಾಗೇ ಇದೆ, ಅದರ ಮೇಲೆ ಮೆಣಸಿನಕಾಯಿ ಹರವಿದ್ದಳು. ರೊಟ್ಟಿ, ಪುಂಡಿಪಲ್ಯ ಹಾಕಿದಳು. ಬೇಡ ಎಂದರೂ ಕೇಳಲಿಲ್ಲ. ನೋಟಿಸು ಬಂದಿದೆ, ಗೂಟಕ್ಕೆ ಸಿಕ್ಕಿಸಿಟ್ಟಿದ್ದಾಳೆ.

"ನೀವು ಸರಿ ಐತಿ ಅಂದೀರಲ್ರಿ. ನನಗ ಭಯ ಇಲ್ಲ."

ವಿಲ್ ತೆಗಿ ಎಂದೆ. ಟ್ರಂಕಿನಿಂದ ತಂದಳು. ಮಡಿಕೆ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ಪೆನ್ನು ತೆಗೆದೆ. ಚುಕ್ಕೆ ಇಟ್ಟೆ.

ಒಂದು ಕ್ಷಣದ ಕೆಲಸ.

"ಏನ್ ಮಾಡಿದ್ರಿ ಅಕ್ಕಾರ?"

"ಬಿಟ್ಟು ಹೋಗಿತ್ತವ್ವ. ಹಚ್ಚಿದೆ. ನಾ ಅವತ್ತ ಹಚ್ಚಬೇಕಿತ್ತು. ಇದನ್ನ ಯಾರ ಮುಂದೂ ಹೇಳಬ್ಯಾಡ. ಹೇಳಿದ್ರ ನನ್ನ ಕೆಲಸ ಹೊಕ್ಕೈತಿ."

"ನಾ ಯಾಕ ಹೇಳ್ಲಿ," ಎಂದಳು.

ಬಸ್ಸಿನಲ್ಲಿ ಬರುವಾಗ ಎದೆ ಹಗುರ. ಎಷ್ಟೋ ದಿನದ ಮೇಲೆ. ತಪ್ಪು ಮಾಡಿದೆನೆಂದು ಅನಿಸಲೇ ಇಲ್ಲ. ತಪ್ಪನ್ನು ತಿದ್ದಿದೆನೆಂದೇ ಅನಿಸಿತು.

14 ಜೂನ್, ಸೋಮವಾರ

ಕಾಡಸಿದ್ದಪ್ಪನ ದಾವೆ ಕೋರ್ಟಿನಲ್ಲಿ ದಾಖಲಾಗಿ ನಂಬರಾಯಿತು. ಹೊನ್ನೂರಮ್ಮನ ಕಡೆಗೆ ಉಚ್ಚೆಂಗೆಪ್ಪ ಅಂತ ಹೊಸ ವಕೀಲರು, ವಯಸ್ಸು ಮೂವತ್ತರ ಒಳಗೆ. ಅವರು ಅಸಲು ವಿಲ್ ನೋಡಿ, ಸ್ಪಷ್ಟವಾಗಿ ಅರ್ಧವಿರಾಮ ಇದೆ, ಕೇಸು ನಿಲ್ಲುವುದಿಲ್ಲ ಎಂದರಂತೆ.

ಸಾಹೇಬರಿಗೆ ಈ ಮಾತು ಮುಟ್ಟಿದೆ. ಸಂಜೆ ಹೋಗುವಾಗ ನನ್ನ ಟೇಬಲ್ ಹತ್ತಿರ ಒಂದು ಗಳಿಗೆ ನಿಂತರು. ಹೋದರು.

9 ನವೆಂಬರ್, ಮಂಗಳವಾರ

ಸಾಹೇಬರ ಫೈಲು ಹಿಡಿದು ಕೋರ್ಟಿಗೆ ಹೋಗಿದ್ದೆ. ಹಿಂದಿನ ಬೆಂಚು.

ಉಚ್ಚೆಂಗೆಪ್ಪ ಅಸಲು ಹಾಜರುಪಡಿಸಿದರು. ಸಾಹೇಬರು ಎದ್ದು ರಿಜಿಸ್ಟರ್ ಕಚೇರಿಯ ನಕಲು ಪಕ್ಕಕ್ಕಿಟ್ಟರು. ನಕಲಿನಲ್ಲಿ ಬೇರೆ ಕಡೆ ಐದು ಅರ್ಧವಿರಾಮ ಇವೆ. ಇಲ್ಲಿ ಮಾತ್ರ ಇಲ್ಲ. ಅಸಲಿನಲ್ಲಿ ಆರು. ನ್ಯಾಯಾಧೀಶರು ಭೂತಗನ್ನಡಿ ತರಿಸಿದರು. ಐದು ಚುಕ್ಕೆ ಹಳೆಯ ಮಸಿ, ಕಂದಿದೆ. ಆರನೆಯದು ನೀಲಿ. ಇನ್ನೂ ಹೊಳೆಯುವ ನೀಲಿ.

ನನಗೆ ಇದು ಹೊಳೆದೇ ಇರಲಿಲ್ಲ. ನಕಲು ಇದೆ ಎಂದು ಗೊತ್ತಿತ್ತು. ಕಣ್ಣಾರೆ ನೋಡಿದ್ದೆ. ಆದರೂ ಅವತ್ತು ತೊಡೆಯ ಮೇಲೆ ಕಾಗದ ಇಟ್ಟುಕೊಂಡಾಗ...

ಹೊನ್ನೂರಮ್ಮನನ್ನು ಕಟಕಟೆಗೆ ಕರೆದರು. ಸಾಹೇಬರ ದನಿ ಬಹಳ ಮೆತ್ತಗಿತ್ತು.

"ಈ ಕಾಗದ ಯಾರ ಹತ್ರ ಇತ್ತವ್ವ?"

"ನನ್ನ ಹತ್ರ ಇತ್ರಿ."

"ಟ್ರಂಕಿನ ಕೀಲಿ?"

"ನನ್ನ ಹತ್ರ ಐತ್ರಿ."

"ಹಂಗಾರ ಈ ಚುಕ್ಕಿ ಯಾರು ಇಟ್ರು?"

ಅವಳು ತಲೆ ಎತ್ತಿದಳು. ಕೋರ್ಟು ತುಂಬ ಜನ. ನನ್ನನ್ನು ನೋಡಿದಳು. ಒಂದೇ ಸಲ. ಆಮೇಲೆ ಕಣ್ಣು ಬೇರೆ ಕಡೆ.

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ? ತಾನ ಬಂದು ಕುಂತತೇನು?"

"ನಾ ಓದಿದಾಕಿ ಅಲ್ರಿ. ಗೊತ್ತಿಲ್ರಿ."

ಮೂರು ಸಲ ಕೇಳಿದರು. ಮೂರು ಸಲವೂ ಅದೇ.

ನಾನು ಎದ್ದು ನಿಲ್ಲಬಹುದಿತ್ತು. ಫೈಲು ಕಟ್ಟಿಕೊಂಡು ಆಫೀಸಿಗೆ ಬಂದೆ. ನಾಳೆಯ ಕೆಲಸ ಟೈಪ್ ಮಾಡಿದೆ.

10 ನವೆಂಬರ್

ಆಫೀಸಿಗೆ ಹೋದೆ.

11 ನವೆಂಬರ್

ಹೋದೆ. ಕಾಡಸಿದ್ದಪ್ಪ ಬಂದಿದ್ದ. ದಸ್ತಾವೇಜು ತಿದ್ದಿದ್ದಕ್ಕೆ ಅವಳ ಮೇಲೆ ಬೇರೆ ಕೇಸು ಹಾಕಿ, ಜೈಲಿಗೆ ಕಳಿಸಿ ಎಂದು ಕೂತ. ಸಾಹೇಬರು ಅರ್ಜಿ ಡಿಕ್ಟೇಟ್ ಮಾಡಲು ಶುರುಮಾಡಿದರು. ಎರಡನೆಯ ಸಾಲಿಗೆ ಬೆರಳು ನಿಂತವು. ಹೊಟ್ಟೆ ನೋವು ಎಂದು ಎದ್ದು ಬಂದೆ.

14 ನವೆಂಬರ್, ಭಾನುವಾರ

ಕೌಲ್ ಬಜಾರಿನ ನನ್ನ ರೂಮು ಹುಡುಕಿಕೊಂಡು ಎರ್ರಿಸ್ವಾಮಿ ಬಂದ. ಹೊನ್ನೂರಮ್ಮನ ಗಂಡ. ಕೈಗೆ ಗ್ರೀಸು ಅಂಟಿತ್ತು, ಮಿಲ್ಲಿನಿಂದ ಹಾಗೇ ಎದ್ದು ಬಂದಂತೆ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ಕೂತ.

"ಅಕ್ಕಾರ, ನಿಮಗ ಕೋರ್ಟಿಂದು ಗೊತ್ತೈತಿ. ಆಕಿನ ಜೈಲಿಗೆ ಹಾಕ್ತಾರೇನ್ರಿ?"

"ಆಕಿ ಏನಂತಾಳ?"

"ಏನೂ ಅನವಲ್ಲಳ್ರಿ. ನನ್ನ ಮುಂದೂ ಬಾಯಿ ಬಿಡವಲ್ಲಳು. ನೀನ ಇಟ್ಟಿಯೇನು ಅಂದ್ರ ಸುಮ್ಮನ ಕುಂದರ್ತಾಳ. ಆಕಿಗೆ ಪೆನ್ನು ಹಿಡಿಯಾಕ ಬರೂದಿಲ್ರಿ. ಹೆಬ್ಬಟ್ಟು ಒತ್ತಾಕಿ."

ಗಂಡನಿಗೂ ಹೇಳಿಲ್ಲ. ನಾನು ಬೇಡ ಎಂದಿದ್ದೆ, ಹೇಳಿಲ್ಲ.

"ನಾನ ಇಟ್ಟಿದ್ದು," ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಕೇಳಿದ. ಬೈಯಲಿಲ್ಲ. ಎದ್ದು ನಿಂತು ಬಹಳ ಹೊತ್ತು ಕೈ ಒರೆಸಿಕೊಂಡ. ಗ್ರೀಸು ಹೋಗಲಿಲ್ಲ.

"ಹಂಗಾರ ನಡೀರಿ," ಎಂದ.

ಅದೇ ದಿನ, ಸಂಜೆ ಐದು

ಉಚ್ಚೆಂಗೆಪ್ಪನವರ ಮನೆಯಿಂದ ಈಗ ಬಂದೆ. ಎಲ್ಲ ಹೇಳಿದೆ. ಅಚ್ಚು ಒಡೆದದ್ದು, ಬಾಲ ಮಾತ್ರ ಬೀಳುತ್ತಿದ್ದದ್ದು, ಐದು ಚುಕ್ಕೆ ಆಗಿನವು, ಒಂದು ಈಗಿನದು. ಅವರು ಬರೆದುಕೊಳ್ಳುತ್ತಿದ್ದವರು ನಿಲ್ಲಿಸಿದರು.

"ತಡೀರಿ. ಅಲ್ಲಿ ಬಿದ್ದಿರೂದು ಕಾಮಾದ ಅಚ್ಚಲ್ಲ? ಸೆಮಿಕೋಲನ್ನಿನ ಬಾಲ?"

"ಹೌದ್ರಿ. ಕಾಮಾದ್ದು ಬ್ಯಾರೆ ಕೀ."

"ಎರಡೂ ನೋಡಿದ್ರ ಗೊತ್ತಾಕೈತೇನು?"

ಗೊತ್ತಾಗುತ್ತದೆ. ನನ್ನ ಕಣ್ಣಿಗಂತೂ ಗೊತ್ತಾಗುತ್ತದೆ. ಕಾಮಾ ಸಾಲಿನಿಂದ ಸ್ವಲ್ಪ ಕೆಳಗೆ ಇಳಿಯುತ್ತದೆ, ಸೆಮಿಕೋಲನ್ನಿನ ಬಾಲ ಮೇಲೆ ಕೂರುತ್ತದೆ, ಬಲಕ್ಕೆ ವಾಲುತ್ತದೆ. ಅದೇ ಹಾಳೆಯಲ್ಲಿ ಹತ್ತಾರು ಕಾಮಾ ಇವೆ, ಹೋಲಿಸಬಹುದು.

ಅವರು ಪೆನ್ನು ಕೆಳಗಿಟ್ಟರು. ಹಣೆ ಒತ್ತಿಕೊಂಡರು.

"ಇದನ್ನ ಫೆಬ್ರವರ್ಯಾಗ ಬಂದು ಹೇಳಿದ್ರ ಸಾಕಿತ್ರಿ. ಎಕ್ಸ್‌ಪರ್ಟ್‌ಗೆ ಕಳಿಸಿದ್ರ ಕಾಗದ ತಾನ ಸಾಕ್ಷಿ ಹೇಳ್ತಿತ್ತು — ಟೈಪಿಸ್ಟು ಒತ್ತಿದ್ದು ಸೆಮಿಕೋಲನ್ ಕೀ, ಚುಕ್ಕಿ ಬಿದ್ದಿಲ್ಲ ಅಂತ. ಯಾರೂ ಇಲ್ಲ ಅನ್ನಾಕ ಬರ್ತಿರಲಿಲ್ಲ. ಈಗ ಅದ ಗುರ್ತಿನ ಮ್ಯಾಲೆ ನೀವು ಮಸಿ ಇಟ್ಟೀರಿ. ತಿದ್ದಿದ ಕಾಗದ ಅಂದ್ಮ್ಯಾಲೆ ಅದರಾಗಿನ ಯಾವ ಗುರ್ತು ನಂಬ್ತಾರ?"

ಎರ್ರಿಸ್ವಾಮಿ ನಮ್ಮಿಬ್ಬರ ಮುಖ ನೋಡುತ್ತಿದ್ದ.

"ಅಂದ್ರ ಏನ್ರಿ?" ಎಂದ.

ಉಚ್ಚೆಂಗೆಪ್ಪ ಬರೆದುಕೊಂಡ ಹಾಳೆ ಮಡಿಸಿಟ್ಟರು.

ಅಂದರೆ ಇಷ್ಟೇ. ನಾನು ಮರೆತದ್ದರಿಂದ ಮನೆ ಹೋಗುತ್ತಿರಲಿಲ್ಲ. ತಿದ್ದಿದ್ದರಿಂದ ಹೋಗುತ್ತದೆ.

18 ಜನವರಿ 1977, ಮಂಗಳವಾರ

ಸಾಕ್ಷಿ ಹೇಳಿದೆ.

ಸಾಹೇಬರೇ ಪಾಟೀ ಸವಾಲು ಮಾಡಿದರು. ಹದಿನೈದು ವರ್ಷ ನಾನು ಟೈಪ್ ಮಾಡಿಕೊಟ್ಟ ಪ್ರಶ್ನೆಗಳ ಧಾಟಿಯಲ್ಲೇ.

"ಅರ್ಧವಿರಾಮ ಅಂದ್ರ ಏನು, ಕೋರ್ಟಿಗೆ ಹೇಳ್ರಿ."

ಹೇಳಿದೆ. ಎರಡು ಪೂರ್ಣವಾದ ಮಾತುಗಳನ್ನು ಒಂದೇ ವಾಕ್ಯದಲ್ಲಿ ಬೇರೆಯಾಗಿ ಇಡುವ ಗುರುತು. ಕಾಮಾಕ್ಕಿಂತ ಹೆಚ್ಚು, ಪೂರ್ಣವಿರಾಮಕ್ಕಿಂತ ಕಡಿಮೆ. ಅದರ ಆಚೆಯ ಷರತ್ತು ಈಚೆಗೆ ದಾಟಬಾರದು.

"ಚಲೋ ಗೊತ್ತೈತಿ ನಿಮಗ. ಇಷ್ಟು ಗೊತ್ತಿದ್ದವರು ಇಟ್ಟ ಚುಕ್ಕಿ ಇದು. ಯಾವಾಗ ಇಟ್ಟಿದ್ದು?"

"ಹೋದ ವರ್ಷ ಫೆಬ್ರವರಿ ಹದಿನೈದನೇ ತಾರೀಖು."

"ವಿಲ್ ಬರೆಸಿದವರು ಆಗ ಬದುಕಿದ್ರೇನು?"

"ಇಲ್ಲ."

"ನೋಟಿಸು ಮುಟ್ಟಿತ್ತೇನು?"

"ಮುಟ್ಟಿತ್ತು."

"ನೋಟಿಸು ಟೈಪ್ ಮಾಡಿದವರು ಯಾರು?"

"ನಾನೇ."

"ಇಷ್ಟ," ಎಂದು ಕೂತರು.

ಉಚ್ಚೆಂಗೆಪ್ಪ ಅಚ್ಚಿನ ವಿಷಯ ಎತ್ತಿದರು. ಮೆಷಿನ್ ಎಲ್ಲಿ ಎಂದು ಕೇಳಿದರು ನ್ಯಾಯಾಧೀಶರು. ಎಪ್ಪತ್ತೊಂದರ ಸೆಪ್ಟೆಂಬರಿನಲ್ಲೇ ಅಚ್ಚು ಬದಲಾಯಿತು, ಮೆಷಿನ್ನನ್ನು ಎಪ್ಪತ್ತನಾಲ್ಕರಲ್ಲಿ ಗುಜರಿಗೆ ಕೊಟ್ಟುಬಿಟ್ಟರು. ಸಾಕ್ಷಿ ಹಾಕಿದ ಇಬ್ಬರೂ ಮುದುಕ ಸಹಿ ಮಾಡಿದ್ದನ್ನು ನೋಡಿದವರು, ವಿಲ್ ಓದಿದವರಲ್ಲ.

ಹೊರಗೆ ಬಂದಾಗ ಹೊನ್ನೂರಮ್ಮ ಬೇವಿನ ಮರದ ಕೆಳಗೆ ಕೂತಿದ್ದಳು. ಹತ್ತಿರ ಹೋದೆ. ಜರುಗಿ ಜಾಗ ಕೊಟ್ಟಳು. ಕೂತೆ.

19 ಜನವರಿ

ಆಫೀಸಿಗೆ ಹೋದೆ. ನನ್ನ ಮೆಷಿನ್ನಿಗೆ ಮುಸುಕು ಹಾಕಿತ್ತು. ನನ್ನ ಊಟದ ಡಬ್ಬಿ, ಕೊಡೆ, ಅದರ ಪಕ್ಕದಲ್ಲಿ.

22 ಜನವರಿ

ಇನ್‌ಸ್ಟಿಟ್ಯೂಟಿನಿಂದಲೂ ಇನ್ನು ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ. ತಂದೆತಾಯಿಗಳು ಕೇಳುತ್ತಾರಂತೆ. ಸುದ್ದಿ ಹೇಳಲು ಬಂದವಳು ಜಡೆಮ್ಮ. ಸೀನಿಯರ್ ಪಾಸಾಗಿದ್ದಾಳೆ. ಪೇಡಾ ತಂದಿದ್ದಳು, ಹೇಗೆ ಕೊಡಬೇಕೋ ತಿಳಿಯದೆ ಕಿಟಕಿಯಲ್ಲಿ ಇಟ್ಟು ಹೋದಳು.

18 ಏಪ್ರಿಲ್, ಸೋಮವಾರ

ತೀರ್ಪು. ಹೊನ್ನೂರಮ್ಮ ತಿದ್ದಿಲ್ಲ, ಅವಳ ಮೇಲೆ ಕ್ರಮ ಬೇಡ. ಅಷ್ಟಾದರೂ ಆಯಿತು. ನನ್ನ ಬಗ್ಗೆ ಒಂದು ಇಡೀ ಪ್ಯಾರಾ. ಪೂರ್ತಿ ಓದಲಿಲ್ಲ. ವಿಲ್ಲನ್ನು ರಿಜಿಸ್ಟರ್ ನಕಲಿನಲ್ಲಿರುವಂತೆಯೇ ಓದತಕ್ಕದ್ದು. ಮನೆ ಕಾಡಸಿದ್ದಪ್ಪನದು.

ಅಪೀಲಿಗೆ ಮೂವತ್ತು ದಿನ. ಉಚ್ಚೆಂಗೆಪ್ಪ ಹೇಳಿದರು — ಆ ಎರಡು ತಿಂಗಳಲ್ಲಿ ಅದೇ ಮೆಷಿನ್ನಿನಲ್ಲಿ ಹೊಡೆದ ಬೇರೆ ದಸ್ತಾವೇಜು ಸಿಕ್ಕರೆ, ಪೆನ್ನಿನ ಚುಕ್ಕೆ ಇರುವಂಥವು, ನಾಲ್ಕೈದು, ಆಗ ಅಚ್ಚಿನ ಮಾತು ಎತ್ತಿಹಿಡಿಯಬಹುದು. ಬಹುದು, ಎಂದರು. ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ.

ನೆನಪಿನಿಂದ ಪಟ್ಟಿ ಮಾಡಿದೆ. ಹನ್ನೊಂದು ಜನ.

26 ಏಪ್ರಿಲ್

ಕುರುಗೋಡು. ಎರ್ರಣ್ಣನ ವಿಭಾಗಪತ್ರ. ಗೆದ್ದಲು ತಿಂದಿದೆ. ಮುಟ್ಟಿದರೆ ಪುಡಿ.

29 ಏಪ್ರಿಲ್

ಬಳ್ಳಾರಿಯಲ್ಲೇ ಮೂವರು. ಒಬ್ಬರು ಊರು ಬಿಟ್ಟಿದ್ದಾರೆ. ಒಬ್ಬರ ಅಸಲು ಕಾಗದ ಬ್ಯಾಂಕಿನಲ್ಲಿ. ಮೂರನೆಯವರು ಬಾಗಿಲು ತೆರೆದು, ನನ್ನನ್ನು ಗುರುತು ಹಿಡಿದು, ಮತ್ತೆ ಹಾಕಿಕೊಂಡರು.

5 ಮೇ

ದೇಶನೂರು. ಉಚ್ಚೆಂಗೆಮ್ಮನ ದಾನಪತ್ರ. ಮುದುಕಿ ಒಳ್ಳೆಯವಳು, ಮಜ್ಜಿಗೆ ಕೊಟ್ಟಳು. ಕಾಗದ ಇದೆ, ಕಪಾಟಿನಲ್ಲಿದೆ, ಕೈ ಮಾಡಿ ತೋರಿಸಿದಳು. ತೆಗೆಯಲು ಒಪ್ಪಲಿಲ್ಲ.

"ಸಿಟ್ಟಾಗಬ್ಯಾಡ ತಾಯಿ. ನೀ ಕಾಗದಾ ತಿದ್ದಾಕಿ ಅಂತ ಊರೆಲ್ಲ ಅಂತೈತಿ. ನಿನ್ನ ಕೈಯಾಗ ನಾ ಹೆಂಗ ಕೊಡ್ಲಿ?"

"ನಾ ಮುಟ್ಟೂದಿಲ್ಲ. ನೀವ ಹಿಡ್ಕೊಂಡು ದೂರದಿಂದ ತೋರಿಸ್ರಿ."

"ನೋಡಿ ಏನ್ ಮಾಡ್ತಿ," ಎಂದಳು.

ಏನು ಮಾಡುತ್ತಿದ್ದೆ. ಐದು ಮೈಲಿ ನಡೆದು ಬಸ್ಸು ಹಿಡಿದೆ. ಬಿಸಿಲು. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದಾರೆ.

17 ಮೇ, ಮಂಗಳವಾರ

ಹನ್ನೊಂದರಲ್ಲಿ ಒಂದು ಸಿಕ್ಕಿತು. ವೀರಭದ್ರಮ್ಮನ ಕ್ರಯಪತ್ರ, ಜುಲೈ ತಿಂಗಳದ್ದು. ಒಂದೇ ಅರ್ಧವಿರಾಮ, ಮೇಲೆ ಪೆನ್ನಿನ ಚುಕ್ಕೆ. ಉಚ್ಚೆಂಗೆಪ್ಪನವರಿಗೆ ಕೊಟ್ಟೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನೂ ನೀವ ಈಗ ಇಟ್ಟೀರಿ ಅಂತಾರ," ಎಂದರು. ಬೇಸರದಿಂದ ಅಲ್ಲ. ಇದ್ದದ್ದನ್ನು ಹೇಳಿದರು.

19 ಮೇ

ನಿನ್ನೆ ಅವಧಿ ಮುಗಿಯಿತು. ಅಪೀಲು ಹಾಕುವುದು ಬೇಡ ಎಂದು ಹೊನ್ನೂರಮ್ಮನೇ ಹೇಳಿ ಕಳಿಸಿದ್ದಳಂತೆ, ವಾರದ ಹಿಂದೆಯೇ. ನನಗೆ ಯಾರೂ ಹೇಳಿರಲಿಲ್ಲ.

11 ಜೂನ್, ಕುರುಗೋಡು

ಬಳ್ಳಾರಿಯ ರೂಮು ಬಿಟ್ಟೆ. ಅಣ್ಣನ ಮನೆಯ ಹಿಂದಿನ ಕೋಣೆ. ಅತ್ತಿಗೆ ಏನೂ ಅನ್ನುವುದಿಲ್ಲ. ಸಂತೆಯ ದಿನ ಬಸವೇಶ್ವರ ಗುಡಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡು ಎಂದ ಅಣ್ಣ. ಎರಡು ವಾರ ಕೂತೆ. ಯಾರೂ ಬರಲಿಲ್ಲ.

ಕಾಡಸಿದ್ದಪ್ಪ ಬಾದನಹಟ್ಟಿ ಮನೆಗೆ ಬೀಗ ಹಾಕಿದನಂತೆ. ಅವನಿಗೆ ಅಲ್ಲಿ ಇರುವುದು ಬೇಕಿಲ್ಲ. ಅವನ ಮನೆ ಬೇರೆ ಇದೆ.

9 ಅಕ್ಟೋಬರ್, ಭಾನುವಾರ

ಸಿರುಗುಪ್ಪಕ್ಕೆ ಹೋದೆ. ನಾಲ್ಕು ತಿಂಗಳು ಬೇಕಾಯಿತು, ಧೈರ್ಯಕ್ಕೆ.

ಎರ್ರಿಸ್ವಾಮಿಯ ಮಿಲ್ಲಿನ ಹಿಂದೆ ತಗಡಿನ ಸಾಲು ಮನೆಗಳು, ಈಗ ಅವರಿರುವುದು ಇಲ್ಲೇ. ಗಾಳಿಯ ತುಂಬ ಹೊಟ್ಟು. ನೆಲ, ಪಾತ್ರೆ, ಅವಳ ತಲೆಗೂದಲು, ಎಲ್ಲದರ ಮೇಲೂ ಹೊಟ್ಟಿನ ಧೂಳು. ಹೊನ್ನೂರಮ್ಮ ಮೊರದಲ್ಲಿ ನುಚ್ಚು ಕೇರುತ್ತಿದ್ದಳು. ಪಕ್ಕದ ಮನೆಯ ಪಕ್ಕೀರಮ್ಮ ಜೊತೆಗಿದ್ದಳು. ನನ್ನನ್ನು ನೋಡಿ ಎದ್ದು ಹೋದಳು. ಕೂರಲು ಚೀಲ ಹಾಸಿ, ನೀರು ಕೊಟ್ಟಳು ಹೊನ್ನೂರಮ್ಮ.

ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಕಲಿತುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ.

"ಅವತ್ತು ಕೋರ್ಟ್‌ನ್ಯಾಗ ನನ್ನ ಹೆಸರು ಯಾಕ ಹೇಳ್ಲಿಲ್ಲವ್ವ?"

ಮೊರ ನಿಲ್ಲಿಸಲಿಲ್ಲ.

"ಹೇಳಬ್ಯಾಡ ಅಂದಿದ್ರಿ."

"ಜೈಲಿಗೆ ಹಾಕ್ತಿದ್ರು ನಿನ್ನ."

"ಹೌದ್ರಿ." ಮೊರದೊಳಗಿನ ಕಲ್ಲು ಹೆಕ್ಕಿ ಬಿಸಾಕಿದಳು. "ನೀವು ಚುಕ್ಕಿ ಇಟ್ಟಿದ್ದಕ್ಕ ನನಗ ಸಿಟ್ಟಿಲ್ರಿ. ಮರ್ತಿದ್ದಕ್ಕೂ ಇಲ್ಲ. ಎಲ್ಲಾರೂ ಮರೀತಾರ. ನಾ ಮೊದಲನೇ ಸರ್ತಿ ಆಫೀಸಿಗೆ ಬಂದಾಗ ಸರಿ ಐತಿ ಅಂದ್ರಲ್ರಿ. ಅವತ್ತ ತಪ್ಪಾಗೈತಿ ಅಂದಿದ್ರ, ಮೈದುನನ ಕಾಲು ಹಿಡಿತಿದ್ದೆ. ಮಂದಿ ಕೂಡಸ್ತಿದ್ದೆ. ಮಾವ ಹೇಳಿದ್ದು ಕೇಳಿದಾವ್ರು ಊರಾಗ ಇದ್ರು. ಎಲ್ಲಾ ಸರಿ ಐತಿ ಅಂತ ನಾ ಗಟ್ಯಾಗಿ ನಿಂತೆ. ಯಾರಿಗೂ ಜಗ್ಗಲಿಲ್ಲ. ಆವಾಗ ಎಲ್ಲಾರೂ ದೂರ ಆದ್ರು."

ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನ ಮಾಡಲಿಲ್ಲ. ನುಚ್ಚು ಡಬ್ಬಿಗೆ ಹಾಕಿ ಮುಚ್ಚಿದಳು.

ಹೊರಡುವಾಗ ಬೀದಿಯ ತನಕ ಬಂದಳು.

"ಇನ್ನ ಬರಬ್ಯಾಡ್ರಿ ಅಕ್ಕಾರ. ಕೆಟ್ಟ ಮನಸ್ಸಿಂದ ಅನ್ನಾಕತ್ತಿಲ್ಲ. ನಿಮ್ಮನ್ನ ನೋಡಿದ್ರ ಮನಿ ನೆಪ್ಪಾಕೈತಿ."

26 ಡಿಸೆಂಬರ್, ಸೋಮವಾರ

ನನ್ನ ಜ್ವರ ಬಿಟ್ಟು ಎರಡು ದಿನ, ಈಗ ಅತ್ತಿಗೆಗೆ ಹಿಡಿದಿದೆ. ಅತ್ತಿಗೆಗೆ ಮಾತ್ರೆ ತರಲೆಂದು ಕುರುಗೋಡು ಬಸ್‌ ಸ್ಟ್ಯಾಂಡಿನ ಕಡೆ ಹೋಗಿದ್ದೆ. ಬಳ್ಳಾರಿ ಬಸ್ಸು ನಿಂತಿತ್ತು. ಕಿಟಕಿಯಲ್ಲಿ ಎರ್ರಿಸ್ವಾಮಿ. ಒಬ್ಬನೇ. ಗಡ್ಡ ಬಿಟ್ಟಿದ್ದ. ಗುರುತು ಹಿಡಿದು ತಲೆ ಆಡಿಸಿದ.

"ಹೊನ್ನೂರಮ್ಮ ಹೆಂಗದಾಳಪ್ಪ?" ಎಂದೆ.

"ಅದಾಳ್ರಿ."

"ಆರಾಮೇನು?"

"ಅದಾಳ್ರಿ," ಎಂದ, ಮತ್ತೆ.

ಆಸ್ಪತ್ರೆಯ ಚೀಟಿ ಅವನ ಅಂಗಿ ಜೇಬಿನಲ್ಲಿತ್ತು. ಯಾರದು ಎಂದು ಕೇಳುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಹೇಳಿದ. ಇಂಜಿನ್ ಸದ್ದು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಬರ್ರಿ ಎಂದನೋ, ಬರಬ್ಯಾಡ್ರಿ ಎಂದನೋ

ನಾಳೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗುತ್ತೇನೆ